ಎಂ.ಎ ಹಿಸ್ಟರಿ ಮಾಡಿ ಡೇಟಾ ಸೈನ್ಸ್‌ಗೆ ಬರಬಹುದಾ? ಮ್ಯಾಥ್ಸ್ ಅಂದ್ರೆ ಭಯ. ರೆಸ್ಯೂಮೆಲಿ ಎಂ.ಎ ಮುಚ್ಚಿಡ್ಬೇಕಾ?

ಮುಚ್ಚಿಡ್ಬೇಕಾ ಅಂತ ಕೇಳಿದೀರಲ್ಲ, ಓದಿ ನಗುನೂ ಬಂತು ಹೊಟ್ಟೆನೂ ಉರೀತು, ಯಾಕಂದ್ರೆ ನಾನು ಮುಚ್ಚಿಟ್ಟಿದ್ದೆ.

ನಂದು ಪಿಯುಸಿಲಿ ಆರ್ಟ್ಸ್, ಆಮೇಲೆ ಬಿ.ಎ, ಮೈಸೂರಲ್ಲಿ ಎಂ.ಎ ಸೋಶಿಯಾಲಜಿ. ಡಿಸರ್ಟೇಶನ್‌ಗೆ (ಎಂ.ಎ ಪ್ರಬಂಧಕ್ಕೆ) ಅಂತ ಹುಣಸೂರು ಕಡೆ ಎರಡು ಹಳ್ಳಿಲಿ ನಾಲ್ಕು ತಿಂಗಳು ಸ್ತ್ರೀಶಕ್ತಿ ಸಂಘದ ಮೀಟಿಂಗಲ್ಲಿ ಕೂತಿದ್ದೆ. ಯಾರು ಕಂತು ಕಟ್ತಾರೆ, ಯಾರ ಕಂತನ್ನ ಅವರ ಓರಗಿತ್ತಿ ಕಟ್ತಾಳೆ, ಪುಸ್ತಕದಲ್ಲಿ ಮಾತ್ರ ಏನಂತ ಬರ್ಕೋತಾರೆ, ಎಲ್ಲಾ ನೋಡಿದ್ದೆ. ಮನೇಲಿ ಕೆಲಸ ಕೆಲಸ ಅಂತ ಶುರು ಮಾಡಿದ್ಮೇಲೆ ಸಾಲ ಮಾಡಿ 2.2 ಲಕ್ಷದ ಒಂದು ಕೋರ್ಸ್ ಸೇರ್ಕೊಂಡೆ. ಎಲ್ಲರ ಹಾಗೆ ನಾನೂ ಹೊಸಬರಿಗೆ ಅಭ್ಯಾಸಕ್ಕೆ ಕೊಡೋ ಟೈಟಾನಿಕ್ ಹಡಗಿನ ಪ್ರಯಾಣಿಕರ ಡೇಟಾದ ಆ 891 ಸಾಲು ಉರು ಹೊಡೆದೆ, ರೆಸ್ಯೂಮೆಯಿಂದ ಸೋಶಿಯಾಲಜಿ ಕಿತ್ತು ಬರೀ ಪೋಸ್ಟ್ ಗ್ರ್ಯಾಜುಯೇಟ್ ಅಂತ ಹಾಕ್ದೆ.

ಮೊದಲನೇ ಇಂಟರ್‌ವ್ಯೂ ಬೆಂಗಳೂರಲ್ಲಿ, ಹಳ್ಳಿ ಕಡೆ ಹೆಣ್ಮಕ್ಕಳಿಗೆ ಸಣ್ಣ ಸಾಲ ಕೊಡೋ ಕಂಪನಿ. ಯಾರು ಸಾಲ ಕಟ್ಟಲ್ಲ ಅಂತ ಮೊದಲೇ ಹೇಳೋ ಮಾಡೆಲ್ ಮಾಡ್ಕೊಂಡ್ ಬನ್ನಿ ಅಂತ ಡೇಟಾ ಕಳಿಸಿದ್ರು. ನಂದು 98% ಸರಿ ಬಂತು! ರಾತ್ರಿ ನಿದ್ದೆ ಬರ್ಲಿಲ್ಲ ಖುಷಿಗೆ. ಮಾರನೇ ದಿನ ಇಂಟರ್‌ವ್ಯೂ ಮಾಡೋ ಮೇಡಂ ಗ್ರಾಫ್ ಕಡೆ ನೋಡ್ಲೂ ಇಲ್ಲ, 'ಫೀಲ್ಡ್ ವಿಸಿಟ್ ಅಂತ ಇದೆಯಲ್ಲ, ಈ ಕಾಲಂನ ಯಾರು ತುಂಬ್ತಾರೆ, ಯಾವಾಗ ತುಂಬ್ತಾರೆ?' ಅಂದ್ರು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೋರಾದ್ರೂ ಓದಿ. ವಸೂಲಿಗೆ ಹೋಗೋನು ಮನೆಗೆ ಯಾವಾಗ ಬರ್ತಾನೆ? ಕಂತು ತಪ್ಪಿದ್ಮೇಲೆ. ಅಂದ್ರೆ ಎಷ್ಟು ಸಲ ಬಂದ ಅಂತ ಬರೆಯೋ ಆ ಕಾಲಂಲಿ ಮೂರು, ನಾಲ್ಕು ಅಂತ ಇದ್ರೆ ಅವಳು ಆಗಲೇ ಕಟ್ಟಿಲ್ಲ ಅಂತ ಅರ್ಥ, ಅದು ಕಾರಣ ಅಲ್ಲ, ಉತ್ತರಾನೇ. ಸಾಲ ಕೊಡ್ಬೇಕಾ ಬೇಡ್ವಾ ಅಂತ ಯೋಚನೆ ಮಾಡೋ ದಿನ ಆ ಕಾಲಂ ಎಲ್ಲರಿಗೂ ಸೊನ್ನೆ ಇರುತ್ತೆ, ಆಗ ನನ್ ಮಾಡೆಲ್ ಏನ್ ಮಾಡುತ್ತೆ, ಮಣ್ಣು. ಡೇಟಾನ ಮಾಡೆಲ್‌ಗೆ ಕಲಿಸೋಕೆ ಟ್ರೇನು, ಪರೀಕ್ಷೆ ಮಾಡೋಕೆ ಟೆಸ್ಟು ಅಂತ ಭಾಗ ಮಾಡಿದ್ದೆ, ಆದ್ರೆ ಎರಡರಲ್ಲೂ ಅದೇ ಕಾಲಂ ಇದ್ಮೇಲೆ ಸಿಕ್ಕಿಬೀಳೋದು ಹೇಗೆ? ಇದಕ್ಕೆ ಲೀಕೇಜ್ ಅಂತಾರೆ. 2016ರಲ್ಲಿ ಪಿಯುಸಿ ಕೆಮಿಸ್ಟ್ರಿ ಪೇಪರ್ ಎರಡೆರಡು ಸಲ ಲೀಕ್ ಆಯ್ತಲ್ಲ, ಹಂಗೆ, ಓದಿದ್ದಕ್ಕಲ್ಲ ಪೇಪರ್ ಸಿಕ್ಕಿದ್ದಕ್ಕೆ ಮಾರ್ಕ್ಸ್ ಬಂದಿರುತ್ತೆ. ಆ ಕಾಲಂ ತೆಗೆದು ಅಲ್ಲೇ ಓಡಿಸಿದ್ವಿ. ಏನೂ ನೋಡ್ದೆ 'ಎಲ್ಲರೂ ಕಟ್ತಾರೆ' ಅಂದುಬಿಟ್ರೆ ಎಷ್ಟು ಸರಿಯಾಗುತ್ತೋ, ಅದಕ್ಕಿಂತ ಒಂದು ಪರ್ಸೆಂಟ್ ಜಾಸ್ತಿ ಬಂತು ಅಷ್ಟೆ.

ಕೆಲಸ ಸಿಗದೇ ಹೋಗಿದ್ದಕ್ಕಲ್ಲ ಬೇಜಾರು. ವಸೂಲಿಯವನ ಬೈಕ್ ಒಂದು ಮನೆ ಮುಂದೆ ನಿಂತ್ರೆ ಆ ಮನೇಲಿ ಕಂತು ತಪ್ಪಿದೆ ಅಂತ ಬೀದಿಗೆಲ್ಲ ಗೊತ್ತಾಗುತ್ತೆ ಅಂತ ನನ್ ಡಿಸರ್ಟೇಶನ್‌ಲಿ ನಾನೇ ಬರೆದಿದ್ದೆ ಕಣ್ರೀ! ಸೋಶಿಯಾಲಜಿನ ರೆಸ್ಯೂಮೆಯಿಂದ ತೆಗೀತಾ ತಲೆಯಿಂದಾನೂ ತೆಗೆದುಬಿಟ್ಟಿದ್ದೆ.

ಹಾಗಾಗಿ 'ಹಿಸ್ಟರಿ ಬಿಟ್ಟು ಡೇಟಾ ಸೈನ್ಸ್‌ಗೆ ಬರೋದು ಹೇಗೆ' ಅನ್ನೋ ನಿಮ್ ಪ್ರಶ್ನೆನೇ ನಂಗೆ ಒಪ್ಪಿಗೆ ಇಲ್ಲ. ಬಿಡ್ಬೇಡಿ. 1871ರ ಸೆನ್ಸಸಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ, 1881ರಲ್ಲಿ 42 ಲಕ್ಷ. ಬರೀ ಕೋಡ್ ಕಲ್ತೋನು ಯಾರೋ ತಪ್ಪಾಗಿ ಟೈಪ್ ಮಾಡಿದಾರೆ ಅನ್ಕೋತಾನೆ, ನಿಮಗೆ 1876-78ರ ಬರ ಗೊತ್ತಿರುತ್ತೆ.

ಮ್ಯಾಥ್ಸ್ ಭಯ ಅಂದ್ರಿ. ಸ್ಟಾಟಿಸ್ಟಿಕ್ಸ್ ಮಾತ್ರ ತಪ್ಪಿಸ್ಕೊಳ್ಳೋಕೆ ಆಗಲ್ಲ, ಪ್ರಾಬಬಿಲಿಟಿ, ಸ್ಯಾಂಪ್ಲಿಂಗ್, ರಿಗ್ರೆಶನ್, ಆರು ತಿಂಗಳು ಕೂತು ಕಲೀರಿ. ಕೋಡ್ ಬರೆಯೋ ಭಾಷೆ ಪೈಥಾನಾ ಆರ್ ಆ ಅಂತ ಜಗಳ ಆಡೋರ ಹತ್ರ ಹೋಗ್ಬೇಡಿ, ಯಾವುದಾದ್ರೂ ಒಂದು ಕಲೀರಿ. ಲಕ್ಷಗಟ್ಟಲೆ ಕೋರ್ಸ್ ಅಂತೂ ಬೇಡ್ವೇ ಬೇಡ. ಡಿಗ್ರಿನೇ ಬೇಕು ಅಂದ್ರೆ ಐಐಟಿ ಮದ್ರಾಸ್‌ದು ಡೇಟಾ ಸೈನ್ಸಲ್ಲಿ ಆನ್‌ಲೈನ್ ಬಿಎಸ್ ಇದೆ, ಆರ್ಟ್ಸ್‌ನವರೂ ಸೇರಬಹುದು, ಪಿಯುಸಿ ಪಾಸಾಗಿ, ಹತ್ತನೇ ಕ್ಲಾಸಲ್ಲಿ ಮ್ಯಾಥ್ಸು ಇಂಗ್ಲಿಷು ಓದಿದ್ರೆ ಸಾಕು, ಆದ್ರೆ ಮೊದಲು ಕ್ವಾಲಿಫೈಯರ್ ಅನ್ನೋ ಅರ್ಹತಾ ಪರೀಕ್ಷೆ ಪಾಸಾಗ್ಬೇಕು.

ಪ್ರಾಜೆಕ್ಟ್‌ಗೆ ಟೈಟಾನಿಕ್ ಬೇಡ. ಪಿಎಲ್‌ಎಫ್‌ಎಸ್ ಅಂತ ಕೇಂದ್ರ ಸರ್ಕಾರದ ಉದ್ಯೋಗ ಸರ್ವೆ, 2017-18ರಿಂದ ನಡೀತಿದೆ, ಡೇಟಾ ಫ್ರೀ. ಅದರಲ್ಲಿ ಮಲ್ಟಿಪ್ಲೈಯರ್ ಅಂತ ಇರುತ್ತೆ, ಸರ್ವೆಲಿ ಸಿಕ್ಕ ಒಬ್ಬೊಬ್ರು ಎಷ್ಟು ಜನಕ್ಕೆ ಲೆಕ್ಕ ಅಂತ. ಅದನ್ನ ಬಿಟ್ಟು ಸುಮ್ನೆ ತಲೆ ಎಣಿಸಿದ್ರೆ ಹಳ್ಳಿ-ಪೇಟೆ ಲೆಕ್ಕ ಎಲ್ಲಾ ಎಕ್ಕುಟ್ಟೋಗುತ್ತೆ. ಅದ್ಯಾಕೆ ಹಂಗೆ ಅಂತ ಇಂಟರ್‌ವ್ಯೂಲಿ ಹತ್ತು ನಿಮಿಷ ಹೇಳೋಕೆ ಬಂದ್ರೆ ನಿಮ್ ಡಿಗ್ರಿ ಯಾವ್ದು ಅಂತ ಕೇಳೋದೂ ಮರೀತಾರೆ.

ಮೂರನೇ ಇಂಟರ್‌ವ್ಯೂಗೆ ನಾನು ಸೋಶಿಯಾಲಜಿ ಅಂತ ಮೇಲೇ ಹಾಕ್ಕೊಂಡು ಹೋದೆ, ಆ ಬೈಕ್ ಕಥೆನೂ ಹೇಳ್ದೆ, ಅಲ್ಲೇ ಈಗ ಎರಡನೇ ವರ್ಷ. ಕೋರ್ಸಿಗೆ ಮಾಡಿದ ಸಾಲ ಮಾತ್ರ ಇನ್ನೂ ಏಳು ಕಂತು ಬಾಕಿ ಇದೆ.