ವಿಭೂತಿ ಬುಧವಾರದ ಬೂದಿಯನ್ನು ಊರಲ್ಲೇ ಮಾಡುವುದು ಹೇಗೆ?

ಕ್ರೈಸ್ತರ ತಪಸ್ಸುಕಾಲ ಶುರುವಾಗುವ, ಈಸ್ಟರ್‌ಗೆ 46 ದಿನ ಮುಂಚೆ ಬರುವ ವಿಭೂತಿ ಬುಧವಾರಕ್ಕೆ ಹಣೆಗಿಡುವ ಬೂದಿಯನ್ನು ಚಿಕ್ಕಮಗಳೂರು ಕಡೆಯ ಹಳ್ಳಿ ಚರ್ಚಿನಲ್ಲೇ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು, ಮಾಡಲೇಬೇಕು ಅನ್ನುವಷ್ಟು ಅರ್ಥಪೂರ್ಣ ಕೆಲಸ ಅದು.

ಹಿಂದಿನ ವರ್ಷ ಗರಿಗಳ ಭಾನುವಾರದಂದು (ಈಸ್ಟರ್‌ಗೆ ಮುಂಚಿನ ಭಾನುವಾರ) ಆಶೀರ್ವದಿಸಿದ ತೆಂಗು-ತಾಳೆಯ ಗರಿಗಳನ್ನು ಜನ ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟಿರುತ್ತಾರೆ. ಬೂದಿ ಮಾಡುವುದು ಅವುಗಳಿಂದಲೇ, ಎರಡು ವಾರ ಮುಂಚೆಯೇ ತರಲು ಹೇಳಿ. ಮಲೆನಾಡಿನ ಮಳೆಗೆ ಅವಕ್ಕೆ ಬೂಷ್ಟು ಹಿಡಿದಿರುತ್ತದೆ. ಹಸಿ ಇದ್ದರೆ ಬರೀ ಹೊಗೆ. ಎರಡು ಮೂರು ದಿನ ಬಿಸಿಲಿಗೆ ಹಾಕಿ, ಮುರಿದರೆ ಲಟ್ಟೆನ್ನಬೇಕು. ಕಟ್ಟಿದ ದಾರ, ಪ್ಲಾಸ್ಟಿಕ್ ಹೂ ತೆಗೆದುಬಿಡಿ.

ಹಳೆಯ ಕಬ್ಬಿಣದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಸುಡಿ. ಪೂರ್ತಿ ಉರಿಯಲು ಬಿಟ್ಟರೆ ಬೆಳ್ಳಗಾಗಿ ಹಣೆಯಲ್ಲಿ ಕಾಣುವುದೇ ಇಲ್ಲ. ಕಪ್ಪಾದ ಕೂಡಲೇ ಮುಚ್ಚಳ ಮುಚ್ಚಿ. ಚೆನ್ನಾಗಿ ಆರಿದ ಮೇಲೆ ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ. ನಾರು ಉಳಿದರೆ ಹಣೆ ಗೀರುತ್ತದೆ.

ನೀರು ಹಾಕಿ ಮಾತ್ರ ಕಲಸಬೇಡಿ. ಬೂದಿಯಲ್ಲಿ ಕ್ಷಾರವಿದೆ, ನೀರು ಬೆರೆತರೆ ಚರ್ಮ ಸುಡಬಹುದು, ಮಕ್ಕಳಿಗಂತೂ ಬೇಗ. ಗುರುಗಳು ಚಿಮುಕಿಸುವ ಪವಿತ್ರ ಜಲದ ಹನಿಗಳು ಸಾಕು. ಅಂಟದಿದ್ದರೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಡಿ. ಉಳಿದದ್ದನ್ನು ಚರಂಡಿಗೆ ಸುರಿಯದೆ ಚರ್ಚಿನ ಅಂಗಳದ ಮಣ್ಣಿಗೆ ಸೇರಿಸಿ.