ಬಳ್ಳಾರಿಯಲ್ಲಿ ಡೈವೋರ್ಸ್, ಜೀವನಾಂಶದ ಕೇಸುಗಳನ್ನೇ ನಂಬಿ ವಕೀಲಿಕೆ ಮಾಡಬಹುದಾ?

ಮಾಡಬಹುದು. ಎಲ್‌ಎಲ್‌ಬಿ, ವಕೀಲರ ಪರಿಷತ್ತಿನ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ, ಇದು ಎಲ್ಲರಿಗೂ ಒಂದೇ. ಆಮೇಲೆ ಸೀನಿಯರ್ ಹತ್ತಿರ ಇರುವ ವರ್ಷಗಳಲ್ಲಿ ಕೈಗೆ ಬರೋದು ಕಡಿಮೆ, ಮನೆಯವರಿಗೆ ಮೊದಲೇ ಹೇಳಿಡಿ.

ಈ ಕೆಲಸದಲ್ಲಿ ವಾದಕ್ಕಿಂತ ಕೇಳಿಸಿಕೊಳ್ಳೋದೇ ಜಾಸ್ತಿ. ಹೆಣ್ಣುಮಗಳು ಅಪ್ಪ, ಅಣ್ಣ, ಊರ ಹಿರಿಯರ ಜೊತೆ ಬರುತ್ತಾಳೆ, ಮಾತೆಲ್ಲ ಅವರೇ ಆಡುತ್ತಾರೆ, ನೀವು ಆಕೆಯ ಹತ್ತಿರ ಒಬ್ಬಳೇ ಇದ್ದಾಗ ಕೇಳದಿದ್ದರೆ ಆಕೆಗೆ ಬೇಕಾದದ್ದು ಡೈವೋರ್ಸಾ, ಜೀವನಾಂಶವಾ, ಸುಮ್ನೆ ಹೊಡೆತ ನಿಂತರೆ ಸಾಕಾ ಅನ್ನೋದು ಗೊತ್ತೇ ಆಗಲ್ಲ. ತೆಲುಗು, ಉರ್ದು ಬಂದರೆ ಇಲ್ಲಿ ತುಂಬಾ ಅನುಕೂಲ.

1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಪ್ರಕಾರ ಮೊದಲು ರಾಜಿಗೆ ಪ್ರಯತ್ನಿಸೋದು ಕೋರ್ಟಿನ ಕರ್ತವ್ಯ, ಅದಕ್ಕೇ ಜಗಳ ಹಚ್ಚುವ ವಕೀಲರು ನನಗೆ ಇಷ್ಟವಾಗಲ್ಲ. ಒಪ್ಪಿಗೆಯ ಡೈವೋರ್ಸಿನಲ್ಲಿ 6 ತಿಂಗಳ ಕಾಯುವಿಕೆಯನ್ನು ಸೂಕ್ತ ಕಾರಣವಿದ್ದರೆ ಕೋರ್ಟ್ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೈಕೋರ್ಟಿಗೆ ಹೋಗಬೇಕಾದರೆ ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ.