ಓದುಗರ ಪ್ರಶ್ನೆ: ಪಂಜರದ ಹಕ್ಕಿಯ ಕಣ್ಣುಬೇನೆ

ಪ್ರಶ್ನೆ: ನಮ್ಮ ಕಾಕಟೀಲ್‌ನ ಎಡಗಣ್ಣು ಕೆಂಪಾಗಿ ನೀರು ಸುರಿಯುತ್ತಿದೆ. ತಲೆಯನ್ನು ಕೋಲಿಗೆ ಉಜ್ಜುತ್ತದೆ. ಮಕ್ಕಳಿಗೆ ಕಣ್ಣು ಬಂದಾಗ ತಂದ ಡ್ರಾಪ್ಸ್ ಮನೆಯಲ್ಲಿದೆ, ಹಾಕಬಹುದೇ? ಅದು ತಿನ್ನುವುದು ನವಣೆ ಮತ್ತು ಸೂರ್ಯಕಾಂತಿ ಬೀಜ ಮಾತ್ರ.
– ಓದುಗರು, ಜಲನಗರ, ವಿಜಯಪುರ

ಉತ್ತರ: ಬೇಡ. ಬಾಟಲಿಯ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಅಥವಾ ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟೆರಾಯ್ಡ್. ಕಣ್ಣಿನ ಮೇಲೆ ಗೀರು ಬಿದ್ದಿದ್ದರೆ ಸ್ಟೆರಾಯ್ಡ್‌ನಿಂದ ಆ ಗೀರು ಮಾಯದೆ ಹುಣ್ಣಾಗಬಹುದು. 90 ಗ್ರಾಂ ತೂಕದ ಜೀವಕ್ಕೆ ಕಣ್ಣಿಗೆ ಬಿಟ್ಟ ಹನಿಯೂ ಮೈಗೆ ಸೇರಿ ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸಬಲ್ಲದು. ಗೀರು ಇದೆಯೋ ಇಲ್ಲವೋ ಎಂದು ವೈದ್ಯರು ಫ್ಲೋರೆಸೀನ್ ಬಣ್ಣ ಹಾಕಿ ನೋಡುತ್ತಾರೆ. ಗೀರಿದ್ದಲ್ಲಿ ಹಸಿರು ಹೊಳೆಯುತ್ತದೆ. ಅದಕ್ಕೆ ಮೊದಲು ಯಾವ ಔಷಧವೂ ಬೇಡ. ಹರಳೆಣ್ಣೆ, ಅರಿಶಿನ, ಜೇನುತುಪ್ಪ ಕೂಡ ಬೇಡ.

ಅಲ್ಲಿಯವರೆಗೆ ತೊಳೆಯುವುದಷ್ಟೇ ನಿಮ್ಮ ಕೆಲಸ. ಔಷಧಿ ಅಂಗಡಿಯಲ್ಲಿ ಶೇ. 0.9ರ ನಾರ್ಮಲ್ ಸಲೈನ್ ಸಿಗುತ್ತದೆ. ಬಾಟಲಿಯನ್ನು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ಹಕ್ಕಿಯನ್ನು ತೆಳು ಬಟ್ಟೆಯಲ್ಲಿ ಸುತ್ತಿ ತಲೆಯನ್ನಷ್ಟೇ ಹಿಡಿಯಿರಿ. ಎದೆ ಒತ್ತಲೇಬಾರದು: ಹಕ್ಕಿಗೆ ವಪೆ (ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಗೂಡು ಅಲುಗಿದರೇ ಉಸಿರು. ಎರಡು ಮೂರು ಹನಿ ಬಿಟ್ಟು, ಅಂಟು ನೆನೆದ ಮೇಲೆ ಗಾಜ್ ಬಟ್ಟೆಯಿಂದ (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ) ಕೊಕ್ಕಿನ ಕಡೆಯಿಂದ ಹೊರಗೆ ಒರೆಸಿ. ಮತ್ತೊಂದು ಕಣ್ಣಿಗೆ ಬೇರೆ ತುಂಡು. ದಿನಕ್ಕೆ ಎರಡು ಮೂರು ಸಲ ಸಾಕು. ತೆರೆದ ಬಾಟಲಿಯನ್ನು ಮರುದಿನಕ್ಕೆ ಉಳಿಸಬೇಡಿ.

ಒಂದೇ ಕಣ್ಣಾದರೆ ಕಾಳಿನ ಹೊಟ್ಟು, ಧೂಳು, ಜೊತೆಹಕ್ಕಿಯ ಉಗುರು ಕಾರಣವಿರಬಹುದು. ಎರಡೂ ಕಣ್ಣು ಊದಿ, ಸೀನುತ್ತ, ಗರಿ ಉಬ್ಬಿಸಿ ಕೂತರೆ ಬೇನೆ ಒಳಗಿನದು. ಕಾಕಟೀಲ್‌ಗಳಲ್ಲಂತೂ ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾ ಸೋಂಕಿನ ಅನುಮಾನ ಇದ್ದೇ ಇರಬೇಕು, ಕೆಲವೊಮ್ಮೆ ಅದು ಒಂದೇ ಕಣ್ಣಲ್ಲಿ ಶುರುವಾಗುತ್ತದೆ. ಇದು ಮನುಷ್ಯರಿಗೂ ಹತ್ತುತ್ತದೆ. ಒಣಗಿದ ಹಿಕ್ಕೆಯನ್ನು ಗುಡಿಸಬೇಡಿ, ನೀರು ಚಿಮುಕಿಸಿ ಕಾಗದದ ಸಮೇತ ಎತ್ತಿಹಾಕಿ. ಮನೆಯವರಿಗೆ ಜ್ವರ, ಒಣಕೆಮ್ಮು ಬಂದರೆ ಹಕ್ಕಿ ಸಾಕಿದ್ದನ್ನು ವೈದ್ಯರಿಗೆ ಹೇಳಿ. ಸೋಂಕು ಖಚಿತವಾದರೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಸಾಮಾನ್ಯವಾಗಿ 45 ದಿನ. ಕಣ್ಣು ಶುಭ್ರವಾಯಿತೆಂದು ನಡುವೆ ಬಿಟ್ಟರೆ ರೋಗ ಮರಳುತ್ತದೆ. ಔಷಧ ನಡೆಯುವಾಗ ಕಟಲ್ ಬೋನ್ (ಹಕ್ಕಿ ಕೊಕ್ಕಿನಿಂದ ಕೆರೆಯಲು ಪಂಜರಕ್ಕೆ ಸಿಕ್ಕಿಸುವ ಬಿಳಿ ಸುಣ್ಣದ ಚಿಪ್ಪು) ತೆಗೆದಿಡಿ, ಅದರ ಕ್ಯಾಲ್ಸಿಯಂ ಆ ಔಷಧವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ.

ಬರೀ ಕಾಳಿನ ಆಹಾರವೂ ತಪ್ಪೇ. ಅದರಲ್ಲಿ ಎ ಜೀವಸತ್ವ ತೀರ ಕಡಿಮೆ. ಕೊರತೆಯಾದರೆ ಕಣ್ಣು, ಮೂಗಿನ ಒಳಪೊರೆ ಒರಟಾಗಿ ಸೋಂಕಿಗೆ ದಾರಿ ಮಾಡಿಕೊಡುತ್ತದೆ. ತುರಿದ ಗಜ್ಜರಿ, ನುಗ್ಗಿ ತಪ್ಪಲು, ಮೆಂತ್ಯ ಪಲ್ಯ ದಿನವೂ ಚೂರು ಚೂರು ಕೊಡಿ. ಜೀವಸತ್ವದ ಹನಿಗಳನ್ನು ಅಂದಾಜಿಗೆ ಸುರಿಯಬೇಡಿ, ಎ ಹೆಚ್ಚಾದರೂ ವಿಷವೇ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ತೂಗಿ. ಹತ್ತರಲ್ಲೊಂದು ಪಾಲು ಇಳಿದರೆ ಅಂದೇ ಆಸ್ಪತ್ರೆಗೆ ಹೋಗಿ. ಹಕ್ಕಿ ನೋಡುತ್ತಾರೆಯೇ ಎಂದು ಮೊದಲು ಫೋನ್ ಮಾಡಿ ಕೇಳುವುದು ಒಳ್ಳೆಯದು, ಎಮ್ಮೆ-ಕುರಿಯ ವೈದ್ಯರೆಲ್ಲ ಹಕ್ಕಿ ನೋಡುವುದಿಲ್ಲ.

ಪ್ರಶ್ನೆ: ಬಜರಿಗರ್ ಹಕ್ಕಿಯ ಕೊಕ್ಕಿನ ಬುಡ, ರೆಪ್ಪೆಯ ಸುತ್ತ ಬೂದಿಬಣ್ಣದ ಹೊಪ್ಪಳೆ ಕಟ್ಟಿದೆ. ಕುರಿಗೆ ಹಾಕುವ ಐವರ್ಮೆಕ್ಟಿನ್ ಮನೆಯಲ್ಲಿದೆ, ಒಂದು ಹನಿ ಸಾಕಲ್ಲವೇ?
– ಓದುಗರು, ಇಳಕಲ್ಲ, ಬಾಗಲಕೋಟೆ ಜಿಲ್ಲೆ

ಉತ್ತರ: ಔಷಧ ಸರಿ, ಅಳತೆ ಪ್ರಾಣಾಂತಿಕ. ಹೊಪ್ಪಳೆಯಲ್ಲಿ ಸಣ್ಣ ಸಣ್ಣ ತೂತು ಕಂಡರೆ ಅದು ಮುಖದ ಕಜ್ಜಿ, ಚರ್ಮದಲ್ಲಿ ಬಿಲ ತೋಡುವ ನುಸಿಯ ಕೆಲಸ. 35 ಗ್ರಾಂ ಹಕ್ಕಿಗೆ ಬೇಕಾದದ್ದು ಸುಮಾರು 0.007 ಮಿಲಿಗ್ರಾಂ. ಕುರಿಯ ಶೇ. 1ರ ಇಂಜೆಕ್ಷನ್‌ನ ಒಂದು ಹನಿಯಲ್ಲೇ ಹತ್ತಿರ ಹತ್ತಿರ 0.5 ಮಿಲಿಗ್ರಾಂ, ಅಂದರೆ 70 ಪಟ್ಟು. ವೈದ್ಯರು ತೂಗಿ, ತೆಳುಮಾಡಿ ಕೊಡಲಿ. ಎರಡು ವಾರದೊಳಗೆ ಮತ್ತೊಮ್ಮೆ ಬೇಕಾಗುತ್ತದೆ. ಹೊಪ್ಪಳೆ ಕಿತ್ತರೆ ರಕ್ತ ಬರುತ್ತದೆ, ಕೀಳಬೇಡಿ. ಮರದ ಕೋಲುಗಳನ್ನು ಬದಲಿಸಿ.

ಪ್ರಶ್ನೆ: ಗಾಯಗೊಂಡು ಸಿಕ್ಕ ಕೊರಳಪಟ್ಟಿಯ ಹಸಿರು ಗಿಣಿಗೆ ಕಣ್ಣಲ್ಲಿ ಬಿಳಿ ಪೊರೆ. ಸಾಕಿಕೊಳ್ಳಬಹುದೇ?
– ಓದುಗರು, ಗೋಕಾಕ

ಉತ್ತರ: ಆಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಕಾಡಿನ ಗಿಣಿಗಳನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ, ಕತ್ತಲಲ್ಲಿ, ನೆರಳಲ್ಲಿಟ್ಟು ಇಂದೇ ಅರಣ್ಯ ಇಲಾಖೆಗೆ ತಿಳಿಸಿ. ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸನಾಳಕ್ಕೆ ಇಳಿದೀತು.